ಮಾತಾಡಿದವನಿಲ್ಲದ ಮಾತು: ಮರಣಶಾಸನದ ಮೂಲತತ್ತ್ವಗಳು



ಕನ್ನಡದಲ್ಲಿ ‘ದಾಯಾದಿ’ ಎಂಬ ಶಬ್ದಕ್ಕೆ ಇಂದು ನಿಂತಿರುವ ಅರ್ಥವನ್ನೂ ಅದು ಹುಟ್ಟಿದಾಗ ಇದ್ದ ಅರ್ಥವನ್ನೂ ಒತ್ತಟ್ಟಿಗಿಟ್ಟು ನೋಡಿದರೆ, ಈ ಉಪನ್ಯಾಸದ ವಿಷಯವು ಅರ್ಧದಷ್ಟು ತಾನಾಗಿಯೇ ತೆರೆದುಕೊಳ್ಳುತ್ತದೆ. ದಾಯವೆಂದರೆ ಹಿರಿಯರಿಂದ ಬಂದ ಸ್ವತ್ತು. ಅದನ್ನು ಪಡೆಯತಕ್ಕವನು ದಾಯಾದ. ಮೂಲದಲ್ಲಿ ಅದು ಹಕ್ಕಿನ ಹೆಸರು, ಬಾಂಧವ್ಯದ ಹೆಸರು. ಆ ಶಬ್ದವು ನಮ್ಮ ಮನೆಗಳ ಜಗಲಿಗಳನ್ನೂ ಕೋರ್ಟುಕಚೇರಿಗಳ ಮೆಟ್ಟಿಲುಗಳನ್ನೂ ಹಾದುಬರುವಷ್ಟರಲ್ಲಿ ಮತ್ಸರಕ್ಕೆ ಹೆಸರಾಯಿತು. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆಯನ್ನು ಯಾವ ಕನ್ನಡಿಗನಿಗೂ ವಿವರಿಸಿ ಹೇಳಬೇಕಾಗಿಲ್ಲ. ಶಬ್ದವೊಂದು ಹೀಗೆ ಹುಳಿಯಾದುದಕ್ಕೆ ಮನುಷ್ಯರ ಲೋಭವೇ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಹೇಳಬೇಕಾದುದನ್ನು ಹೇಳಬೇಕಾದ ಕಾಲದಲ್ಲಿ ಹೇಳದೆ ಹೋದ ಹಿರಿಯರ ಮೌನಕ್ಕೂ ಅದರಲ್ಲಿ ಪಾಲುಂಟೆಂಬುದನ್ನು, ವ್ಯಾಜ್ಯಗಳ ಕಡತಗಳನ್ನು ತಿರುವಿದವರಾರೂ ಅಲ್ಲಗಳೆಯಲಾರರು.

ಆ ಮೌನವನ್ನು ಮುರಿಯಲು ಕಾನೂನು ಒದಗಿಸಿರುವ ಸಾಧನವೇ ಮರಣಶಾಸನ. ಹಳೆಯ ಮೈಸೂರಿನ ಕಡೆ ಇದನ್ನು ಉಯಿಲು ಎನ್ನುತ್ತಾರೆ. ಧಾರವಾಡ ಬೆಳಗಾವಿಗಳ ಕಡೆ ಮೃತ್ಯುಪತ್ರವೆನ್ನುತ್ತಾರೆ. ಮುಸಲ್ಮಾನ ಬಾಂಧವರಲ್ಲಿ ಇದು ವಸಿಯತ್. ಹೆಸರು ಯಾವುದಾದರೂ ವಸ್ತು ಒಂದೇ: ತನ್ನ ಸ್ವತ್ತಿನ ವಿಷಯದಲ್ಲಿ, ತನ್ನ ಮರಣಾನಂತರ ನೆರವೇರಬೇಕೆಂದು ಒಬ್ಬನು ಮಾಡುವ ಇಚ್ಛಾಘೋಷಣೆ. ೧೯೨೫ರ ಭಾರತೀಯ ಉತ್ತರಾಧಿಕಾರ ಅಧಿನಿಯಮವು ಕೊಡುವ ಲಕ್ಷಣದ ಸಾರ ಇಷ್ಟೇ. ಆದರೆ ಈ ಸರಳವಾದ ಲಕ್ಷಣದೊಳಗೆ ಒಂದು ವಿಚಿತ್ರವಾದ ತೊಡಕು ಅಡಗಿದೆ. ಕ್ರಯಪತ್ರವಾಗಲಿ, ಭೋಗ್ಯಪತ್ರವಾಗಲಿ, ದಾನಪತ್ರವಾಗಲಿ ವಿವಾದಕ್ಕೆ ಬಂದರೆ, ಬರೆದುಕೊಟ್ಟವನನ್ನು ಕಟಕಟೆಗೆ ಕರೆಯಿಸಿ ‘ಇದು ನಿನ್ನ ಮಾತೇ? ಇದರ ಅರ್ಥವೇನು?’ ಎಂದು ಕೇಳುವುದಕ್ಕೆ ಅವಕಾಶವಿರುವುದುಂಟು. ಮರಣಶಾಸನವಾದರೋ, ಅದನ್ನು ನುಡಿದವನು ಇಲ್ಲವಾದ ಮೇಲೆ ಮಾತ್ರವೇ ಕೇಳಿಸತಕ್ಕ ಮಾತು. ಪ್ರಶ್ನೆಗೆ ಉತ್ತರ ಹೇಳಬಲ್ಲ ಏಕೈಕ ವ್ಯಕ್ತಿಯ ಅಭಾವದಲ್ಲಿಯೇ ಅದರ ಜೀವನವು ಮೊದಲಾಗುತ್ತದೆ. ಈ ಶಾಖೆಯ ನಿಯಮಗಳು ಹೊರನೋಟಕ್ಕೆ ಎಷ್ಟೇ ಬಿಡಿಬಿಡಿಯಾಗಿ, ಎಷ್ಟೇ ಕಟುವಾಗಿ ಕಂಡರೂ, ಅವುಗಳಲ್ಲಿ ಬಹುಪಾಲು ಈ ಒಂದು ಸಂಗತಿಯಿಂದಲೇ ಹುಟ್ಟಿದುವು ಎಂಬುದನ್ನು ತೋರಿಸುವುದೇ ನನ್ನ ಉದ್ದೇಶ.

೧

ನಮ್ಮ ಪ್ರಾಚೀನ ಧರ್ಮಶಾಸ್ತ್ರಗಳಲ್ಲಿ ಮರಣಶಾಸನಕ್ಕೆ ಸ್ಥಾನವಿರಲಿಲ್ಲ. ಅದಕ್ಕೆ ಕಾರಣವನ್ನು ದೂರ ಅರಸಬೇಕಾಗಿಲ್ಲ, ನಮ್ಮ ಕಲ್ಯಾಣದಲ್ಲಿಯೇ ಅದು ದೊರೆಯುತ್ತದೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರವರೆಗೆ ಆಳಿದ ಆ ರಾಜಧಾನಿಯಲ್ಲಿ, ಈಗ ಬೀದರ ಜಿಲ್ಲೆಯ ಬಸವಕಲ್ಯಾಣವಾಗಿರುವ ಊರಿನಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವು, ಬಂಗಾಳದ ಸೀಮೆಯನ್ನು ಬಿಟ್ಟು ಭರತಖಂಡದ ಬಹುಭಾಗಕ್ಕೆ ಕುಟುಂಬದ ಸ್ವತ್ತಿನ ವಿಷಯದಲ್ಲಿ ಪ್ರಮಾಣಗ್ರಂಥವಾಯಿತು. ಅದರಲ್ಲಿ ಆಚಾರ್ಯನು ಎತ್ತುವ ಪ್ರಶ್ನೆ ಬಹಳ ಸೂಕ್ಷ್ಮವಾದುದು: ಪಾಲು ಮಾಡಿದುದರಿಂದ ಸ್ವತ್ವವು ಹುಟ್ಟುವುದೋ, ಅಥವಾ ಆಗಲೇ ಇರುವ ಸ್ವತ್ವವನ್ನು ಪಾಲು ಮಾಡುವುದೋ? ಎರಡನೆಯದೇ ಸರಿಯೆಂದು ಆತನ ನಿರ್ಣಯ. ತಂದೆ, ತಾತಂದಿರಿಂದ ಬರುವುದು ಅಪ್ರತಿಬಂಧ ದಾಯ. ಮಗನು ಹುಟ್ಟುತ್ತಲೇ, ಅವನಿಗಿನ್ನೂ ಹೆಸರಿಡುವುದಕ್ಕೂ ಮುಂಚೆಯೇ, ಆ ಸ್ವತ್ತಿನಲ್ಲಿ ಅವನಿಗೆ ಹಕ್ಕು ಹುಟ್ಟಿರುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ಅಣ್ಣತಮ್ಮಂದಿರಿಂದ ಬರುವುದು ಸಪ್ರತಿಬಂಧ ದಾಯ. ಅವರು ಜೀವಿಸಿರುವುದೇ ಅದಕ್ಕೆ ಅಡ್ಡಿ.

ಹುಟ್ಟಿನಿಂದಲೇ ಪಾಲುಗಾರರಿರುವ ಮನೆಯಲ್ಲಿ, ಯಜಮಾನನು ಸತ್ತ ಬಳಿಕ ಯಾರಿಗೆ ಏನೆಂದು ಹೇಳಿಹೋಗುವ ಅಧಿಕಾರಕ್ಕೆ ಎಡೆಯೆಲ್ಲಿ? ತನ್ನದಲ್ಲದುದನ್ನು ಕೊಡಲು ಬದುಕಿರುವವನಿಗೇ ಸಾಧ್ಯವಿಲ್ಲದಿರುವಾಗ ಸತ್ತವನಿಗೆ ಹೇಗೆ ಸಾಧ್ಯ? ಬಂಗಾಳದಲ್ಲಿ ಮಾತ್ರ ಜೀಮೂತವಾಹನನ ದಾಯಭಾಗವು ಬೇರೆ ಹಾದಿ ಹಿಡಿಯಿತು. ಅಲ್ಲಿ ತಂದೆ ಬದುಕಿರುವ ತನಕ ಮಕ್ಕಳಿಗೆ ಹಕ್ಕೇ ಇಲ್ಲ, ಸ್ವತ್ತೆಲ್ಲವೂ ಅವನದೇ. ಆದುದರಿಂದ ಆಂಗ್ಲರ ನ್ಯಾಯಪದ್ಧತಿಯೊಡನೆ ಬಂದ ಮರಣಶಾಸನದ ಬೀಜವು ಮೊದಲು ಬೇರೂರಿದುದು ಬಂಗಾಳದ ನೆಲದಲ್ಲಿ. ಆಂಗ್ಲ ಸಂಸ್ಕೃತ ವಿದ್ವಾಂಸನಾದ ಕೋಲ್‌ಬ್ರೂಕನು ೧೮೧೦ರಲ್ಲಿ ದಾಯಭಾಗವನ್ನೂ ಮಿತಾಕ್ಷರೆಯ ದಾಯಪ್ರಕರಣವನ್ನೂ ಇಂಗ್ಲಿಷಿಗೆ ತಂದ ಮೇಲೆ, ಕಲ್ಯಾಣದ ಆಚಾರ್ಯನ ಮಾತು ಸಮುದ್ರದಾಚೆಯ ನ್ಯಾಯಾಧೀಶರ ಮೇಜಿನ ಮೇಲೂ ಕುಳಿತಿತು.

೨

ಸಭಿಕರೆ, ದತ್ತಿ ಉಪನ್ಯಾಸವೆಂಬ ಸಂಸ್ಥೆಗೂ ಮರಣಶಾಸನಕ್ಕೂ ಇರುವ ಸಂಬಂಧವು ಬಹು ನಿಕಟವಾದುದು. ಕಲ್ಕತ್ತೆಯ ಪ್ರಸನ್ನಕುಮಾರ ಠಾಕೂರರು ೧೮೬೮ರಲ್ಲಿ ತೀರಿಕೊಂಡರು. ತಮ್ಮ ಮರಣಶಾಸನದಲ್ಲಿ ಅವರು ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಹೋದ ಧನದಿಂದ ‘ಠಾಕೂರ್ ಕಾನೂನು ಉಪನ್ಯಾಸ’ಗಳು ಸ್ಥಾಪಿತವಾಗಿ, ನಮ್ಮ ದೇಶದ ಕಾನೂನಿನ ವಾಙ್ಮಯಕ್ಕೆ ಅನೇಕ ಗ್ರಂಥಗಳನ್ನು ಕೊಟ್ಟುವು. ಅದೇ ಮರಣಶಾಸನವು ಇನ್ನೊಂದು ಕಡೆ ಅಂದಿನ ಅತ್ಯಂತ ಪ್ರಸಿದ್ಧವಾದ ವ್ಯಾಜ್ಯಕ್ಕೂ ತಾಯಿಯಾಯಿತು. ಕ್ರೈಸ್ತಮತವನ್ನು ಸ್ವೀಕರಿಸಿದ್ದ ಏಕಮಾತ್ರ ಪುತ್ರನಿಗೆ ಅದರಲ್ಲಿ ಏನನ್ನೂ ಬಿಟ್ಟಿರಲಿಲ್ಲ. ಆಸ್ತಿಯು ಗೊತ್ತುಮಾಡಿದ ಒಂದು ಕ್ರಮದಲ್ಲಿ, ಇನ್ನೂ ಹುಟ್ಟದಿರುವ ಪುರುಷಸಂತತಿಯವರಿಗೂ ಸೇರಿ, ತಲೆಮಾರಿನಿಂದ ತಲೆಮಾರಿಗೆ ಹರಿಯಬೇಕೆಂದು ವಿಧಿಸಲಾಗಿತ್ತು. ೧೮೭೨ರಲ್ಲಿ, ಅಂದಿನ ಕೊನೆಯ ಮೇಲ್ಮನವಿಯ ನ್ಯಾಯಪೀಠವಾದ ಪ್ರಿವಿ ಕೌನ್ಸಿಲು ಕೊಟ್ಟ ತೀರ್ಪಿನ ತಿರುಳು ಹೀಗೆ: ಮರಣಶಾಸನವು ದಾನದ ಒಂದು ರೂಪ, ದಾನಕ್ಕೆ ಗ್ರಹೀತೃವಿರಬೇಕು, ಕರ್ತೃವಿನ ಮರಣಕಾಲದಲ್ಲಿ ಅಸ್ತಿತ್ವದಲ್ಲಿಯೇ ಇಲ್ಲದವನಿಗೆ ಹಿಂದೂ ಧರ್ಮಶಾಸ್ತ್ರದ ಪ್ರಕಾರ ದಾನವು ಸಲ್ಲದು, ಶಾಸ್ತ್ರವು ಅರಿಯದ ಹೊಸ ಬಗೆಯ ಉತ್ತರಾಧಿಕಾರವನ್ನು ಸೃಷ್ಟಿಸುವ ಶಕ್ತಿ ಖಾಸಗಿ ವ್ಯಕ್ತಿಗಿಲ್ಲ. ಅಜಾತರಿಗೆ ಕೊಡಬಹುದೆಂಬ ಮಿತವಾದ ಅನುಮತಿಯನ್ನು ಮುಂದೆ ಶಾಸನಗಳೇ ಕೊಡಬೇಕಾಯಿತು.

ಒಂದೇ ಕಾಗದದಿಂದ ಹೊರಟ ಈ ಎರಡು ಫಲಗಳಲ್ಲಿ ನಮಗೆ ಪಾಠವುಂಟು. ಜ್ಞಾನಕ್ಕಾಗಿ ಬಿಟ್ಟ ದ್ರವ್ಯದಲ್ಲಿ ಕರ್ತೃವು ತನ್ನ ಕಾಲದ ಆಚೆಗೂ ಮಾತಾಡಿದನು. ಸಂತತಿಯನ್ನು ಕಟ್ಟಿಹಾಕಲು ಹೊರಟಲ್ಲಿ ಅವನ ಮಾತು ನಿಲ್ಲಲಿಲ್ಲ. ಸತ್ತವನ ಇಚ್ಛೆಯನ್ನು ಕಾನೂನು ಗೌರವಿಸುತ್ತದೆ, ಆದರೆ ಬದುಕಿರುವವರ ಮೇಲೆ ಅದು ಎಂದೆಂದಿಗೂ ದೊರೆತನ ಮಾಡಲು ಬಿಡುವುದಿಲ್ಲ.

ಆ ವ್ಯಾಜ್ಯದ ಕಾಲದಿಂದಲೇ ಶಾಸನಗಳೂ ಒಂದೊಂದಾಗಿ ಬಂದುವು. ೧೮೭೦ರ ಹಿಂದೂ ವಿಲ್ಸ್ ಆಕ್ಟು ಬಂಗಾಳಕ್ಕೂ ಮದರಾಸು ಮುಂಬಯಿ ನಗರಗಳಿಗೂ ಅನ್ವಯಿಸಿತು. ೧೮೮೧ರಲ್ಲಿ ಪ್ರೊಬೇಟಿನ, ಎಂದರೆ ನ್ಯಾಯಾಲಯವು ಉಯಿಲನ್ನು ದೃಢೀಕರಿಸುವ ಕ್ರಮದ, ಶಾಸನವಾಯಿತು. ೧೯೨೫ರಲ್ಲಿ ಇವೆಲ್ಲವನ್ನೂ ಒಂದೇ ಅಧಿನಿಯಮದಲ್ಲಿ ಕೂಡಿಸಲಾಯಿತು. ೧೯೨೭ರ ಜನವರಿ ೧ರಿಂದಾಚೆಗೆ ಯಾವ ಪ್ರಾಂತದ ಹಿಂದುವೇ ಆಗಲಿ, ಬಾಯಿಮಾತಿನ ಮರಣಶಾಸನವು ಸಲ್ಲದೆಂದಾಯಿತು.

೩

ಇನ್ನು, ಯಾವುದನ್ನು ಕೊಡಬಹುದು ಎಂಬ ಪ್ರಶ್ನೆ. ಸ್ವಯಾರ್ಜಿತವಾದುದನ್ನು ಹಿಂದುವಾದವನು ತನಗೆ ಬೇಕಾದವರಿಗೆ ಕೊಡಬಹುದು, ಮಕ್ಕಳನ್ನು ಬಿಟ್ಟು ಮಠಕ್ಕೂ ಬರೆಯಬಹುದು. ಪಿತ್ರಾರ್ಜಿತವಾದ ಅವಿಭಕ್ತ ಸ್ವತ್ತಿನಲ್ಲಿ ತನ್ನ ಪಾಲನ್ನು ಮರಣಶಾಸನದ ಮೂಲಕ ವಿನಿಯೋಗಿಸುವ ಅಧಿಕಾರವು ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ೩೦ನೆಯ ಕಲಮಿನಿಂದ ಬಂದಿತು. ವಿಜ್ಞಾನೇಶ್ವರನು ಮುಚ್ಚಿದ್ದ ಬಾಗಿಲನ್ನು ಸಂಸತ್ತು ಒಂದು ಪಾಲಿನಷ್ಟು ಮಾತ್ರ ತೆರೆಯಿತು. ಆ ಕಲಮಿನ ವಿವರಣೆಯಲ್ಲಿ ‘ಕುಟುಂಬ’, ‘ಕವರು’ ಎಂಬ ಮಾತುಗಳು ಕಾಣಬರುವುದು ಕನ್ನಡಿಗರಾದ ನಮಗೆ ವಿಶೇಷ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ತಾಯಿಯ ಸಾಲಿನಿಂದ ಬಂದ ಪಾಲನ್ನೂ ಹೀಗೆ ಕೊಡಬಹುದೆಂಬುದಕ್ಕೆ ಅವು ಅಲ್ಲಿ ನಿಂತಿವೆ.

ಆ ಪಾಲು ಎಷ್ಟೆಂಬುದು ಮಾತ್ರ ನಮ್ಮ ಕಣ್ಣೆದುರಿಗೇ ಬದಲಾಗಿದೆ. ಮೈಸೂರು ಸಂಸ್ಥಾನವು ೧೯೩೩ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ, ವಿಭಾಗಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಪುತ್ರಿಯರಿಗೆ ಅಂಶವನ್ನು ಕೊಟ್ಟಿತು. ೧೯೯೪ರಲ್ಲಿ ಕರ್ನಾಟಕವು ತಿದ್ದುಪಡಿಯೊಂದರಿಂದ, ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳನ್ನು ಹುಟ್ಟಿನಿಂದ ಪಾಲುದಾರರನ್ನಾಗಿ ಮಾಡಿತು. ೨೦೦೫ರಲ್ಲಿ ಸಂಸತ್ತು ಆ ವ್ಯತ್ಯಾಸವನ್ನೂ ತೆಗೆಯಿತು. ಆ ತಿದ್ದುಪಡಿಯು ಜಾರಿಗೆ ಬಂದ ದಿನ ತಂದೆಯು ಬದುಕಿದ್ದಿರಬೇಕೇ ಎಂಬ ಸಂದೇಹವನ್ನು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ನಿವಾರಿಸಿತು. ಆದುದರಿಂದ ಇಂದು ತಂದೆಯಾದವನು ‘ಪಿತ್ರಾರ್ಜಿತ ಜಮೀನೆಲ್ಲವೂ ಗಂಡುಮಕ್ಕಳಿಗೆ’ ಎಂದು ಬರೆದಿಟ್ಟರೆ, ಆ ಮಾತು ಅವನ ಸ್ವಂತ ಪಾಲಿನಷ್ಟಕ್ಕೆ ಸಲ್ಲುತ್ತದೆ. ಮಗಳ ಪಾಲು ಮಗಳಲ್ಲಿಯೇ ಉಳಿಯುತ್ತದೆ.

ಬೇರೆ ಮೇರೆಗಳೂ ಇವೆ. ಮುಸ್ಲಿಂ ಧರ್ಮಶಾಸ್ತ್ರದಲ್ಲಿ, ಉತ್ತರಕ್ರಿಯೆಯ ವೆಚ್ಚ ಮತ್ತು ಸಾಲಗಳನ್ನು ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗಕ್ಕೆ ಮೀರಿ ವಸಿಯತ್ ಮಾಡುವಂತಿಲ್ಲ. ಹನಫಿ ಪಂಥದವರಲ್ಲಿ ವಾರಸುದಾರನೊಬ್ಬನಿಗೇ ಕೊಡಬೇಕಾದರೆ ಉಳಿದ ವಾರಸುದಾರರ ಸಮ್ಮತಿ ಬೇಕು. ನಮ್ಮ ಭೂಸುಧಾರಣಾ ಶಾಸನದ ಕೆಳಗಿನ ಗೇಣಿಹಕ್ಕನ್ನು ಕುಟುಂಬದ ಹೊರಗಿನವನಿಗೆ ಉಯಿಲಿನಿಂದ ಕೊಡಲಾಗದೆಂದು, ಜಮಖಂಡಿಯ ಭೂನ್ಯಾಯಮಂಡಲಿಯಿಂದ ಹೊರಟ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೮ರಲ್ಲಿ ಹೇಳಿತು. ಯಾರು ಬರೆಯಬಹುದೆಂಬುದು ಇಷ್ಟು ಜಟಿಲವಲ್ಲ: ಪ್ರಾಪ್ತವಯಸ್ಕನಾಗಿ ಸ್ವಸ್ಥಚಿತ್ತನಾದವನು ಬರೆಯಬಹುದು, ಕುರುಡು ಕಿವುಡುಗಳು ಅಡ್ಡಿಯಲ್ಲ, ಚಿತ್ತಭ್ರಮೆಯುಳ್ಳವನೂ ಬುದ್ಧಿ ತಿಳಿಯಾಗಿರುವ ವೇಳೆಯಲ್ಲಿ ಬರೆಯಬಹುದು.

೪

ವಿಧಿವಿಧಾನಕ್ಕೆ ಬರೋಣ. ಬಹು ಮಂದಿಯ ಕಲ್ಪನೆಗೆ ವಿರುದ್ಧವಾಗಿ, ಉಯಿಲಿಗೆ ಛಾಪಾಕಾಗದ ಬೇಡ, ನೋಂದಣಿಯು ಕಡ್ಡಾಯವಲ್ಲ, ಕಾನೂನಿನ ಪರಿಭಾಷೆಯೂ ಬೇಡ. ಮಗ್ಗಿ ಬರೆಯುವ ಪುಸ್ತಕದ ಹಾಳೆಯ ಮೇಲೆ ಶುದ್ಧವಾದ ಮನೆಮಾತಿನಲ್ಲಿ ಬರೆದುದು, ಉದ್ದೇಶವು ಸ್ಪಷ್ಟವಾಗಿದ್ದರೆ, ಸಲ್ಲುತ್ತದೆ. ಆದರೆ ೧೯೨೫ರ ಅಧಿನಿಯಮದ ೬೩ನೆಯ ಕಲಮು ವಿಧಿಸುವ ಕ್ರಿಯೆಯಲ್ಲಿ ಸಡಿಲವಿಲ್ಲ. ಕರ್ತೃವು ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಕು. ಕೈ ಸಾಗದಿದ್ದರೆ, ಅವನ ಎದುರಿನಲ್ಲಿ ಅವನ ಹೇಳಿಕೆಯಂತೆ ಇನ್ನೊಬ್ಬನು ಹಾಕಬಹುದು. ಕಡಮೆಯೆಂದರೆ ಇಬ್ಬರು ಸಾಕ್ಷಿಗಳು, ಅವನು ಸಹಿ ಮಾಡಿದುದನ್ನು ಕಂಡವರಾಗಿ, ಅಥವಾ ‘ಇದು ನನ್ನ ಸಹಿ’ ಎಂಬ ಅವನ ಮಾತನ್ನು ಕೇಳಿದವರಾಗಿ, ಅವನ ಸಮಕ್ಷಮದಲ್ಲಿ ತಾವೂ ಸಹಿ ಮಾಡಬೇಕು. ಇಬ್ಬರೂ ಒಂದೇ ವೇಳೆಯಲ್ಲಿ ಇರಬೇಕೆಂಬ ನಿರ್ಬಂಧವಿಲ್ಲ. ಒಳಗೆ ಏನು ಬರೆದಿದೆಯೆಂಬುದನ್ನು ಅವರು ತಿಳಿದಿರಬೇಕೆಂಬುದೂ ಇಲ್ಲ.

ನಮ್ಮ ದಸ್ತಾವೇಜುಗಳ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದು ಸಹಿ ಮಾಡುವ ಬರೆಹಗಾರನು ಅಷ್ಟರಿಂದಲೇ ಸಾಕ್ಷಿಯಾಗುವುದಿಲ್ಲ. ಅವನು ಬರೆದುದಕ್ಕೆ ಹೊಣೆ. ಸಾಕ್ಷಿಯು ಕಂಡುದಕ್ಕೆ ಹೊಣೆ. ಸಾಕ್ಷಿಯಾಗಿ ಸಹಿ ಮಾಡಿದವನಿಗೇ ಉಯಿಲಿನಲ್ಲಿ ಏನನ್ನಾದರೂ ಬಿಟ್ಟಿದ್ದರೆ, ಕ್ರೈಸ್ತ, ಪಾರ್ಸಿಗಳ ವಿಷಯದಲ್ಲಿ ಆ ಕೊಡುಗೆಯು ಶೂನ್ಯ. ಹಿಂದೂಗಳಿಗೆ ಈ ನಿಯಮವು ಅನ್ವಯಿಸದಿದ್ದರೂ, ಲಾಭ ಪಡೆಯುವವನ ಸಾಕ್ಷ್ಯವನ್ನು ಯಾವ ನ್ಯಾಯಾಧೀಶನೂ ಹಿಗ್ಗಿನಿಂದ ಕೇಳುವುದಿಲ್ಲವಾದ್ದರಿಂದ, ಅಂಥವನನ್ನು ದೂರವಿಡುವುದೇ ವಿವೇಕ. ಉಯಿಲನ್ನು ಸಾಬೀತುಮಾಡಲು ಜೀವಂತವಿರುವ ಸಾಕ್ಷಿಗಳಲ್ಲಿ ಒಬ್ಬನಾದರೂ ಕಟಕಟೆಗೆ ಬರಬೇಕೆಂಬ ಹಳೆಯ ನಿಯಮವನ್ನು ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಎಂತಲೇ, ಎಂಬತ್ತರ ವೃದ್ಧನು ತನ್ನ ಓರಗೆಯ ಇಬ್ಬರು ಗೆಳೆಯರನ್ನು ಸಾಕ್ಷಿಗೆ ಕರೆಯುವುದು ಸ್ನೇಹಕ್ಕೆ ಉಚಿತವಾದರೂ ಪ್ರಯೋಜನಕ್ಕೆ ಉಚಿತವಲ್ಲ.

ನೋಂದಣಿಯು ಕಡ್ಡಾಯವಲ್ಲವೆಂದ ಮಾತ್ರಕ್ಕೆ ವ್ಯರ್ಥವಲ್ಲ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಉಯಿಲುಗಳು ಸೇರುವುದು ಮೂರನೆಯ ಪುಸ್ತಕಕ್ಕೆ; ಕ್ರಯಪತ್ರಗಳ ಪುಸ್ತಕದಂತೆ ಅದು ಕಂಡವರಿಗೆಲ್ಲ ತೆರೆದಿರುವುದಿಲ್ಲ; ಕರ್ತೃವು ಬದುಕಿರುವವರೆಗೆ ಅವನಿಗೂ ಅವನ ಮುಖ್ತಾರನಿಗೂ ಹೊರತು ನಕಲು ದೊರೆಯದು. ಮುದ್ರೆಯೊತ್ತಿದ ಲಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಯ ವಶಕ್ಕೆ ಒಪ್ಪಿಸುವ ಕ್ರಮವೂ ಉಂಟು. ಆದರೆ ನೋಂದಾಯಿಸಿದ ಉಯಿಲು ಅಂತಿಮವೆಂಬುದು ಭ್ರಮೆ. ಕರ್ತೃವು ಎಷ್ಟು ಬಾರಿ ಬೇಕಾದರೂ ಅದನ್ನು ರದ್ದುಮಾಡಬಹುದು, ಬದಲಾಯಿಸಬಹುದು. ನೋಂದಾಯಿಸದ ಕಡೆಯ ಉಯಿಲು ನೋಂದಾಯಿಸಿದ ಮೊದಲಿನದನ್ನು ಮುರಿಯುತ್ತದೆ. ಕ್ರಯಪತ್ರದಲ್ಲಿ ಪರಸ್ಪರ ವಿರುದ್ಧವಾದ ಎರಡು ಮಾತುಗಳಿದ್ದರೆ ಮೊದಲಿನದು ನಿಲ್ಲುವುದು ವಾಡಿಕೆ. ಉಯಿಲಿನಲ್ಲಿ ಕಡೆಯದು ನಿಲ್ಲುತ್ತದೆ. ಮನುಷ್ಯನ ಕೊನೆಯ ಮನಸ್ಸೇ ಅವನ ಮನಸ್ಸು.

೫

ಈ ವಿಧಿಗಳೆಲ್ಲ ನೆರವೇರಿದ ಮೇಲೂ ನ್ಯಾಯಾಲಯವು ಇನ್ನೊಂದನ್ನು ಕೇಳುತ್ತದೆ: ಈ ಮಾತು ನಿಜವಾಗಿ ಅವನದೇ? ಮೈಸೂರಿನಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ೧೯೫೯ರ ವರದಿಗಳಲ್ಲಿ ಮುದ್ರಿತವಾಗಿರುವ ಮೊಕದ್ದಮೆಯೊಂದರಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರರು ಬರೆದ ತೀರ್ಪು ಇಂದಿಗೂ ಈ ವಿಷಯದಲ್ಲಿ ದೇಶಕ್ಕೆಲ್ಲ ದಾರಿದೀಪವಾಗಿದೆ. ಮಹಿಳೆಯೊಬ್ಬಳ ಉಯಿಲನ್ನು ಮುಂದಿಟ್ಟವನು, ಅದನ್ನು ಬರೆಯಿಸುವುದರಲ್ಲಿ ತಾನೇ ಮುಂದಾಳಾಗಿ ನಿಂತಿದ್ದನು; ಅದರಿಂದ ಗಣ್ಯವಾದ ಲಾಭವನ್ನೂ ಪಡೆಯುತ್ತಿದ್ದನು. ನ್ಯಾಯಾಲಯವು ಉಯಿಲು ರುಜುವಾತಾಗಲಿಲ್ಲವೆಂದಿತು. ಸಹಿ ಮಾಡಿದವರು ಲೋಕವನ್ನು ಬಿಟ್ಟಿರುವುದರಿಂದ ಇದು ತಮ್ಮದೆಂದಾಗಲಿ ಅಲ್ಲವೆಂದಾಗಲಿ ಅವರು ಹೇಳಲಾರರು. ಆದಕಾರಣ, ಕೈ ನಡುಗಿದ ಸಹಿ, ದುರ್ಬಲವಾದ ಮನಸ್ಸು, ಸಹಜವಲ್ಲದ ಹಂಚಿಕೆ, ಲಾಭ ಪಡೆಯುವವನ ಕೈವಾಡ, ಇಂಥ ಸಂದೇಹಗಳೇನಾದರೂ ಕಂಡರೆ, ಅವನ್ನು ನಿವಾರಿಸಿ ನ್ಯಾಯಾಲಯದ ಅಂತಃಕರಣಕ್ಕೆ ಒಪ್ಪಿಗೆಯಾಗುವಂತೆ ಮಾಡುವ ಭಾರವು ಉಯಿಲನ್ನು ತಂದವನ ಮೇಲಿದೆಯೆಂಬುದು ಆ ತೀರ್ಪಿನ ತತ್ತ್ವ.

ಹಾಗೆಂದು, ಸಹಜ ವಾರಸುದಾರನೊಬ್ಬನನ್ನು ಬಿಟ್ಟಿರುವುದೇ ಸಂದೇಹಕ್ಕೆ ಸಾಕೆಂದು ತಿಳಿಯಬಾರದು. ಇದ್ದ ಕ್ರಮವನ್ನು ಬದಲಾಯಿಸಬೇಕೆಂದೇ ಅಲ್ಲವೇ ಮನುಷ್ಯರು ಉಯಿಲು ಬರೆಯುವುದು! ಆದರೆ ಕಾರಣವನ್ನು ಒಂದು ಸಾಲಿನಲ್ಲಿ ಹೇಳಿದರೆ ಆ ಸಂದೇಹವು ತಲೆಯೆತ್ತುವುದಿಲ್ಲ. ‘ಹಿರಿಯ ಮಗನ ವಿದ್ಯಾಭ್ಯಾಸಕ್ಕೂ ಮನೆ ಕಟ್ಟುವುದಕ್ಕೂ ನಾನು ಈಗಾಗಲೇ ಕೊಟ್ಟಿರುವುದರಿಂದ ಈ ಮನೆಯನ್ನು ಮಗಳಿಗೆ ಬಿಟ್ಟಿದ್ದೇನೆ’ ಎಂಬ ಒಂದು ವಾಕ್ಯವು ವಕೀಲರ ಹತ್ತು ವಾದಗಳಿಗಿಂತ ಬಲವಾದುದು. ಅನಾರೋಗ್ಯವಿದ್ದರೆ ಆ ದಿನದ ವೈದ್ಯರ ದೃಢೀಕರಣ, ಪ್ರತಿ ಪುಟಕ್ಕೂ ಸಹಿ, ಲಾಭ ಪಡೆಯುವವರು ಆ ಕೋಣೆಯಲ್ಲಿಲ್ಲದಿರುವುದು, ಇವೆಲ್ಲ ಕಾನೂನು ಕಡ್ಡಾಯ ಮಾಡದ, ಅನುಭವವು ಕಡ್ಡಾಯ ಮಾಡಿದ ಎಚ್ಚರಿಕೆಗಳು.

೬

ಪ್ರೊಬೇಟ್ ಎಂಬ ಮಾತಿನ ಲ್ಯಾಟಿನ್ ಧಾತುವಿಗೆ ಪರೀಕ್ಷಿಸು, ರುಜುವಾತುಮಾಡು ಎಂದು ಅರ್ಥ. ನ್ಯಾಯಾಲಯವು ತನ್ನ ಮೊಹರಿನಿಂದ ದೃಢೀಕರಿಸಿ, ಸ್ವತ್ತಿನ ಆಡಳಿತಾಧಿಕಾರದೊಡನೆ ಕೊಡುವ ಉಯಿಲಿನ ಪ್ರತಿಯೇ ಪ್ರೊಬೇಟ್. ಇದು ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕನಿಗೆ, ವಕೀಲರ ಮಾತಿನಲ್ಲಿ ಎಕ್ಸಿಕ್ಯೂಟರನಿಗೆ, ಮಾತ್ರ ದೊರೆಯುತ್ತದೆ. ನಿರ್ವಾಹಕನನ್ನು ಹೆಸರಿಸದಿದ್ದರೆ, ಅಥವಾ ಅವನು ಒಲ್ಲೆನೆಂದರೆ, ಉಯಿಲನ್ನು ಲಗತ್ತಿಸಿದ ಆಡಳಿತಪತ್ರವನ್ನು ಬೇರೆಯವರು ಪಡೆಯಬೇಕು. ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯಕ್ಕೆ. ಮರಣದಿಂದ ಏಳು ದಿನ ಕಳೆಯದೆ ಪ್ರೊಬೇಟನ್ನೂ, ಹದಿನಾಲ್ಕು ದಿನ ಕಳೆಯದೆ ಆಡಳಿತಪತ್ರವನ್ನೂ ಕೊಡುವಂತಿಲ್ಲ. ಹತ್ತಿರದ ಬಂಧುಗಳಿಗೆ ನೋಟಿಸು ಹೋಗುತ್ತದೆ, ಸಾರ್ವಜನಿಕ ಪ್ರಕಟನೆಯಾಗುತ್ತದೆ. ಯಾರಾದರೂ ಆಕ್ಷೇಪಿಸಿದರೆ ಅರ್ಜಿಯೇ ದಾವೆಯ ರೂಪವನ್ನು ತಾಳುತ್ತದೆ. ನ್ಯಾಯಾಲಯವು ಅಲ್ಲಿ ನಿರ್ಣಯಿಸುವುದು 'ಇದು ಅವನ ಕೊನೆಯ ಉಯಿಲೇ?' ಎಂಬ ಒಂದನ್ನು ಮಾತ್ರ; ಸ್ವತ್ತು ಅವನದಾಗಿತ್ತೇ ಎಂಬುದನ್ನಲ್ಲ.

ಎಲ್ಲರೂ ಪ್ರೊಬೇಟ್ ಪಡೆಯಲೇಬೇಕೇ? ಕಲ್ಕತ್ತೆ, ಮದರಾಸು, ಮುಂಬಯಿಗಳಲ್ಲಿ ಬರೆದ, ಅಥವಾ ಅಲ್ಲಿರುವ ಸ್ಥಿರಸ್ವತ್ತಿಗೆ ಸಂಬಂಧಿಸಿದ ಹಿಂದೂ ಉಯಿಲುಗಳಿಗೆ ಅದು ಬಹುಕಾಲ ಕಡ್ಡಾಯವಾಗಿತ್ತು. ಧಾರವಾಡದವನೊಬ್ಬನಿಗೆ ಮಾಟುಂಗದಲ್ಲಿ ಒಂದು ಮನೆಯಿದ್ದರೆ ಅವನ ಮಕ್ಕಳಿಗೆ ಈ ತಾಪತ್ರಯ ತಪ್ಪುತ್ತಿರಲಿಲ್ಲ. ಉಳಿದಂತೆ ಕರ್ನಾಟಕದ ಹಿಂದುವಿಗೆ ಅದು ಎಂದೂ ಕಡ್ಡಾಯವಾಗಿರಲಿಲ್ಲ. ಈ ಭೇದಕ್ಕೆ ಮೂಲವಾದ, ೧೯೨೫ರ ಅಧಿನಿಯಮದ ೨೧೩ನೆಯ ಕಲಮನ್ನು ಸಂಸತ್ತು ೨೦೨೫ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಹೀಗೆ ಕಡ್ಡಾಯವು ಹೋದರೂ ಪ್ರಯೋಜನವು ಹೋಗಿಲ್ಲ: ವಿವಾದದ ಸುಳಿವಿರುವ ಕಡೆ, ಉಯಿಲಿನ ಸತ್ಯತೆಯನ್ನು ಒಮ್ಮೆಗೇ ಇತ್ಯರ್ಥಪಡಿಸುವ ಮಾರ್ಗ ಇದೇ.

ನಿರ್ವಾಹಕನ ಪದವಿಯು ಗೌರವದ್ದೆಂದು ಹಿಗ್ಗುವವರು ಅದರ ಭಾರವನ್ನೂ ತಿಳಿದಿರಬೇಕು. ಪ್ರೊಬೇಟ್ ಪಡೆದ ಆರು ತಿಂಗಳೊಳಗೆ ಅವನು ಸ್ವತ್ತು ಸಾಲಗಳ ಪಟ್ಟಿಯನ್ನೂ, ಒಂದು ವರ್ಷದೊಳಗೆ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಅವನು ಹಣ ಕೊಡಬೇಕಾದ ಕ್ರಮವನ್ನು ಅಧಿನಿಯಮವೇ ಹೇಳುತ್ತದೆ, ಮತ್ತು ಆ ಕ್ರಮವು ಮನನಯೋಗ್ಯವಾದುದು: ಮೊದಲು ಉತ್ತರಕ್ರಿಯೆಯ ವೆಚ್ಚ, ಮರಣಶಯ್ಯೆಯ ಶುಶ್ರೂಷೆ, ಕಡೆಯ ಒಂದು ತಿಂಗಳ ವೈದ್ಯಶುಲ್ಕ ಮತ್ತು ಊಟವಸತಿ, ಬಳಿಕ ಪ್ರೊಬೇಟಿನ ಖರ್ಚು, ಅದರ ಬಳಿಕ, ಸಾವಿಗೆ ಹಿಂದಿನ ಮೂರು ತಿಂಗಳಲ್ಲಿ ದುಡಿದ ಕೂಲಿಯಾಳು, ಕುಶಲಕರ್ಮಿ, ಮನೆಗೆಲಸದವರ ಸಂಬಳ, ಆಮೇಲೆ ಉಳಿದ ಸಾಲಗಳು, ಎಲ್ಲಕ್ಕೂ ಕೊನೆಗೆ ಉಯಿಲಿನ ಕೊಡುಗೆಗಳು. ಲಕ್ಷಗಟ್ಟಲೆ ಪಡೆಯಲಿರುವ ಮಗನು ಸಾಲಿನ ತುದಿಯಲ್ಲಿ ನಿಂತಿರುತ್ತಾನೆ. ಪಾತ್ರೆ ತೊಳೆದವಳು ಅವನಿಗಿಂತ ಬಹು ಮುಂದೆ ನಿಂತಿರುತ್ತಾಳೆ. ಋಣವು ತೀರದೆ ಔದಾರ್ಯವಿಲ್ಲವೆಂಬ ಮಾತನ್ನು ಶುಷ್ಕವಾದ ಶಾಸನದ ಭಾಷೆ ಹೀಗೆ ಹೇಳುತ್ತದೆ.

೭

ಉಯಿಲೊಂದೇ ಸ್ವತ್ತಿನ ವ್ಯವಸ್ಥೆಯಲ್ಲ. ಅದರ ಸುತ್ತಲೂ ಕೆಲವು ತಪ್ಪು ನಂಬಿಕೆಗಳು ಬೆಳೆದಿವೆ. ಬ್ಯಾಂಕಿನ ಠೇವಣಿಗೆ ನಾಮಿನಿಯನ್ನು ಹೆಸರಿಸಿದರೆ ಹಣವು ಅವನದೇ ಆಯಿತೆಂಬುದು ಅವುಗಳಲ್ಲೊಂದು. ಸಾಮಾನ್ಯ ನಿಯಮದಂತೆ ನಾಮಿನಿಯು ಹಣವನ್ನು ಕೈಗೆ ತೆಗೆದುಕೊಳ್ಳುವವನೇ ಹೊರತು ಒಡೆಯನಲ್ಲ. ವಿಮೆಯ ವಿಷಯದಲ್ಲಿ ೧೯೮೪ರಲ್ಲಿಯೂ, ಕಂಪೆನಿಯ ಷೇರುಗಳ ವಿಷಯದಲ್ಲಿ ೨೦೨೩ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಹೀಗೆಯೇ ಹೇಳಿತು. ವಿಮಾಶಾಸನಕ್ಕೆ ೨೦೧೫ರಲ್ಲಿ ಆದ ತಿದ್ದುಪಡಿಯು ತಂದೆತಾಯಿ, ಗಂಡಹೆಂಡತಿ, ಮಕ್ಕಳು ನಾಮಿನಿಯಾದಲ್ಲಿ ಮಾತ್ರ ವಿನಾಯಿತಿಯನ್ನು ಮಾಡಿತು. ಆದುದರಿಂದ ನಾಮನಿರ್ದೇಶನವೂ ಉಯಿಲೂ ಒಂದನ್ನೊಂದು ಒಪ್ಪುವಂತಿರಬೇಕು.

ಎರಡನೆಯದು ಖಾತೆಯ ವಿಷಯ. ನಮ್ಮ ಹಳ್ಳಿಗಳಲ್ಲಿ ತಾತ ತೀರಿಕೊಂಡು ಎರಡು ತಲೆಮಾರು ಕಳೆದರೂ ಪಹಣಿಯಲ್ಲಿ ಅವನ ಹೆಸರೇ ನಿಂತಿರುವುದು ಅಪರೂಪವಲ್ಲ. ಪೌತಿ ಖಾತೆಯನ್ನು ಕಾಲಕ್ಕೆ ಸರಿಯಾಗಿ ಮಾಡಿಸಬೇಕಾದುದು ಅಗತ್ಯ. ಆದರೆ ಖಾತೆಯು ಕಂದಾಯ ಕೊಡಬೇಕಾದವನನ್ನು ತೋರಿಸುತ್ತದೆ, ಒಡೆತನವನ್ನು ಹುಟ್ಟಿಸುವುದಿಲ್ಲ. ಹಕ್ಕಿನ ಅಂತಿಮ ನಿರ್ಣಯ ಸಿವಿಲ್ ನ್ಯಾಯಾಲಯದ್ದೇ.

ಮೂರನೆಯದು, ಉಯಿಲಿಗೆ ಬದಲಾಗಿ ದಾನಪತ್ರವನ್ನು ಬರೆದು ನಿಶ್ಚಿಂತರಾಗುವ ಆತುರ. ದಾನವು ಅಂದೇ ಸಲ್ಲುತ್ತದೆ. ಇಳಿವಯಸ್ಸಿನಲ್ಲಿ ತಲೆಯ ಮೇಲಿನ ಸೂರನ್ನು ಕೊಟ್ಟು, ಅನಂತರ ಅನ್ನಕ್ಕೆ ಕೈಯೊಡ್ಡಿದವರಿದ್ದಾರೆಂಬುದರಿಂದಲೇ, ೨೦೦೭ರ ಹಿರಿಯ ನಾಗರಿಕರ ಶಾಸನವು, ಪೋಷಣೆಯ ಷರತ್ತಿನ ಮೇಲೆ ಕೊಟ್ಟುದನ್ನು ಆ ಷರತ್ತು ಮುರಿದಾಗ ರದ್ದುಗೊಳಿಸುವ ಅವಕಾಶವನ್ನು ಮಾಡಿತು. ಉಯಿಲಾದರೋ ಬರೆದವನ ಕೈಯಿಂದ ಅವನ ಕೊನೆಯುಸಿರಿನ ತನಕ ಏನನ್ನೂ ಕಿತ್ತುಕೊಳ್ಳುವುದಿಲ್ಲ. ತೆರಿಗೆಯ ಭಯದಿಂದ ಅವಸರಪಡುವುದಕ್ಕೂ ಈಗ ಕಾರಣವಿಲ್ಲ; ೧೯೫೩ರಲ್ಲಿ ಬಂದ ಮರಣೋತ್ತರ ಆಸ್ತಿಯ ತೆರಿಗೆಯು ೧೯೮೫ರಲ್ಲಿಯೇ ರದ್ದಾಯಿತು.

೮

ಹಾಗಾದರೆ ಒಳ್ಳೆಯ ಉಯಿಲಿನಲ್ಲಿ ಏನೇನಿರಬೇಕು? ನಮ್ಮ ಶಿಲಾಶಾಸನಗಳನ್ನು ಕೊರೆಯಿಸಿದವರು ಇದಕ್ಕೆ ಉತ್ತರವನ್ನು ಬಲ್ಲವರಾಗಿದ್ದರು. ಕೊಟ್ಟವನು ಯಾರು, ಪಡೆದವನು ಯಾರು, ಭೂಮಿಯ ಮೂಡಣ ಪಡುವಣ ಎಲ್ಲೆಯಲ್ಲಿ ಯಾವ ಕಲ್ಲು, ಯಾವ ಮರ, ಯಾವ ಹಳ್ಳ, ಕಂಡ ಸಾಕ್ಷಿಗಳು ಯಾರು, ಇವಿಷ್ಟನ್ನೂ ಕಲ್ಲಿನಲ್ಲಿ ನಿಲ್ಲಿಸಿ, ಅದನ್ನು ಕೆಡಿಸಿದವರಿಗೆ ಶಾಪವನ್ನೂ ಬರೆಯಿಸುತ್ತಿದ್ದರು. ಶಾಪವೊಂದನ್ನು ಬಿಟ್ಟರೆ ಮರಣಶಾಸನಕ್ಕೂ ಅವೇ ಅಂಗಗಳು. ಸರ್ವೆ ನಂಬರು, ಚಕ್ಕುಬಂದಿ, ಖಾತೆಯ ಸಂಖ್ಯೆ, ಠೇವಣಿಯ ವಿವರ ಸ್ಪಷ್ಟವಾಗಿರಬೇಕು. ‘ಕೆರೆಯ ಮೇಲಿನ ತೋಟ’ ಎಂದು ಮನೆಯವರಿಗೆಲ್ಲ ತಿಳಿದ ಹೆಸರು, ಮನೆಯವರೇ ಎದುರುಬದುರಾಗಿ ನಿಂತ ದಿನ, ಯಾವ ಕೆರೆ ಯಾವ ತೋಟ ಎಂಬ ವಾದಕ್ಕೆ ಎಡೆಯಾಗುತ್ತದೆ.

ಕಾಲವು ಬದಲಾಗುವುದಕ್ಕೂ ಅವಕಾಶವಿಟ್ಟು ಬರೆಯಬೇಕು. ಒಬ್ಬಳಿಗೆಂದು ಬರೆದ ನಿವೇಶನವನ್ನು ಕರ್ತೃವೇ ಆಮೇಲೆ ಮಾರಿದರೆ ಆ ಕೊಡುಗೆಯು ಅಳಿದಂತೆ; ಅದರ ಹಣದ ಮೇಲೆ ಅವಳಿಗೆ ಹಕ್ಕು ಹುಟ್ಟುವುದಿಲ್ಲ. ಪಡೆಯಬೇಕಾದವನು ಕರ್ತೃವಿಗಿಂತ ಮೊದಲು ತೀರಿಕೊಂಡರೆ ಕೊಡುಗೆಯು ಬಿದ್ದುಹೋಗಿ ಉಳಿಕೆಯ ಸ್ವತ್ತನ್ನು ಸೇರುತ್ತದೆ. ಆ ವ್ಯಕ್ತಿಯು ಕರ್ತೃವಿನ ಮಗನೋ ಮಗಳೋ ಮೊಮ್ಮಗುವೋ ಆಗಿದ್ದು ಆ ವ್ಯಕ್ತಿಗೆ ಸಂತತಿಯಿದ್ದರೆ ಮಾತ್ರ ಕಾನೂನು ಅದನ್ನು ಉಳಿಸುತ್ತದೆ. ಆದುದರಿಂದ ‘ಅವನಿಲ್ಲದಿದ್ದರೆ ಇಂಥವರಿಗೆ’ ಎಂಬ ಮಾತೂ, ‘ಇಲ್ಲಿ ಹೇಳದೆ ಉಳಿದ, ಮುಂದೆ ಸಂಪಾದಿಸಬಹುದಾದ ಸ್ವತ್ತೆಲ್ಲವೂ ಇಂಥವರಿಗೆ’ ಎಂಬ ಉಳಿಕೆಯ ಮಾತೂ ಇರಲೇಬೇಕು. ತನ್ನ ಯೋಗಕ್ಷೇಮವನ್ನು ತಾನು ನೋಡಿಕೊಳ್ಳಲಾರದ ಮಗುವಿದ್ದರೆ, ಅದಕ್ಕೆ ನೇರವಾಗಿ ಸ್ವತ್ತನ್ನು ಬಿಡುವುದಕ್ಕಿಂತ ನಂಬಿಕಸ್ಥರ ಟ್ರಸ್ಟನ್ನು ಏರ್ಪಡಿಸುವುದು ಲೇಸು. ಹೆಂಗಸರೂ ಉಯಿಲು ಬರೆಯಬೇಕೆಂಬುದನ್ನು ನಾನು ಒತ್ತಿ ಹೇಳುತ್ತೇನೆ: ಮಕ್ಕಳೂ ಗಂಡನೂ ಇಲ್ಲದೆ, ಉಯಿಲೂ ಇಲ್ಲದೆ ತೀರಿಕೊಂಡ ಹಿಂದೂ ಸ್ತ್ರೀಯ ಸ್ವಂತ ದುಡಿಮೆಯ ಆಸ್ತಿಯು, ೧೯೫೬ರ ಅಧಿನಿಯಮದ ಕ್ರಮದಲ್ಲಿ, ಹೆತ್ತ ತಾಯಿತಂದೆಗಳಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಅದು ಅವಳ ಇಚ್ಛೆಯಲ್ಲದಿದ್ದರೆ, ಹೇಳಬೇಕಾದವಳು ಅವಳೇ.

೯

ಮಹನೀಯರೆ, ಬರೆಹ, ಸಾಕ್ಷಿ, ರದ್ದತಿಯ ಸ್ವಾತಂತ್ರ್ಯ, ಸಂದೇಹದ ಪರೀಕ್ಷೆ, ಪ್ರೊಬೇಟ್, ನಿರ್ವಾಹಕನ ಲೆಕ್ಕ, ಇವೆಲ್ಲವೂ ಮಾತಾಡಿದವನಿಲ್ಲದ ಮಾತನ್ನು ಕಾಯಲು ಕಟ್ಟಿದ ಬೇಲಿಗಳು. ಆಡಿದ ಮಾತು ಅಳಿಯದಂತೆಯೂ ತಿರುಚಿಹೋಗದಂತೆಯೂ ಬೇಲಿಯು ನೋಡಿಕೊಳ್ಳಬಲ್ಲದು. ಆಡದೆ ಉಳಿದ ಮಾತನ್ನು ಯಾವ ನ್ಯಾಯಾಲಯವೂ ಹುಟ್ಟಿಸಲಾರದು. ಅವನು ಹೀಗೇಕೆ ಹಂಚಿದನು, ನನ್ನನ್ನೇಕೆ ಬಿಟ್ಟನು, ಎಂಬ ಪ್ರಶ್ನೆಯನ್ನು ಅವನು ಹೋದ ಮೇಲೆ ಮಕ್ಕಳು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ದಾಯಾದಿ ಎಂಬ ಶಬ್ದಕ್ಕೆ ಹುಳಿ ಏರುವುದು ಆ ಘಳಿಗೆಯಲ್ಲಿ.

ನಮ್ಮ ಉಯಿಲುಗಳು ಸಾಮಾನ್ಯವಾಗಿ ‘ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸಂತೋಷದಿಂದ’ ಎಂದು ಮೊದಲಾಗುತ್ತವೆ. ಕಚೇರಿಯ ಕಟ್ಟೆಯ ಮೇಲೆ ಕುಳಿತ ಬರೆಹಗಾರನು ಕರ್ತೃವಿನ ಮುಖವನ್ನು ನೋಡುವುದಕ್ಕೂ ಮೊದಲೇ ಆ ಸಾಲನ್ನು ಬರೆದು ಮುಗಿಸಿರುತ್ತಾನೆ. ಆ ಮೂರು ಮಾತುಗಳೂ ನಿಜವಾಗಿರುವ ಕಾಲದಲ್ಲಿ, ಅಂದರೆ ಬುದ್ಧಿ ತಿಳಿಯಾಗಿದ್ದು, ಕೈ ನಡುಗದೆ, ಮಕ್ಕಳು ಎದುರಿಗೆ ಕುಳಿತು ‘ಇದೇಕೆ ಹೀಗೆ, ಅಪ್ಪಾ?’ ಎಂದು ಕೇಳಬಲ್ಲ ಕಾಲದಲ್ಲಿ, ಉಯಿಲನ್ನು ಬರೆದು, ಆ ಪ್ರಶ್ನೆಗೆ ಬಾಯಿಂದಲೇ ಉತ್ತರ ಕೊಡಬೇಕು. ಕಾಗದದ ಕೆಲಸ ಅನಂತರದ್ದು.